ಮನೆತನದ ಕಾಗದಗಳಿಗೆ ಒಂದು ಕಡತ ಕಟ್ಟಿದ್ದು

ಆರು ವರ್ಷಗಳಿಂದ ನಮ್ಮ ಮನೆತನದ ಹಿಂದಿನವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕುತ್ತಾ ಬಂದಿದ್ದೇನೆ. ಜೆರಾಕ್ಸ್ ಪ್ರತಿಗಳು, ಹಳೆಯ ಪತ್ರಗಳು, ಫೋಟೊಗಳು, ಹಿರಿಯರು ಹೇಳಿದ್ದನ್ನು ಗೀಚಿಕೊಂಡ ನಾಲ್ಕು ನೋಟ್‌ಬುಕ್ಕುಗಳು, ಲಕೋಟೆಗಳ ಹಿಂಬದಿಯಲ್ಲಿ ಬರೆದ ಹೆಸರುಗಳು. ಎಲ್ಲವೂ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಎರಡು ತಿಂಗಳ ಹಿಂದೆ ಒಂದು ದಾಖಲೆಗಾಗಿ ಪೆಟ್ಟಿಗೆ ತಡಕಿದಾಗ ಅದೇ ದಾಖಲೆಯ ಎರಡು ಪ್ರತಿಗಳು ಕೈಗೆ ಬಂದವು. ಎರಡನ್ನೂ ತರಿಸಿದ್ದು ನಾನೇ, ಎರಡು ವರ್ಷದ ಅಂತರದಲ್ಲಿ. ಇನ್ನು ಹೊಸ ದಾಖಲೆ ಹುಡುಕುವುದನ್ನು ನಿಲ್ಲಿಸಿ, ಇರುವುದಕ್ಕೊಂದು ವ್ಯವಸ್ಥೆ ಮಾಡಿಯೇ ಮುಂದೆ ಹೋಗಬೇಕೆಂದು ಅಂದು ತೀರ್ಮಾನಿಸಿದೆ. ಎಂಟು ವಾರಾಂತ್ಯಗಳು ಹಿಡಿದವು. ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಅದರಿಂದ ಏನು ಬಯಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ವಾರ: ಓದದೆ ಎಣಿಸಿದ್ದು

ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಎರಡೂ ಪೆಟ್ಟಿಗೆಗಳನ್ನು ಸುರಿದೆ. ಆ ದಿನ ಏನನ್ನೂ ಓದಬಾರದು ಎಂದು ಹಟ ಹಿಡಿದೆ. ಓದಲು ಕುಳಿತರೆ ಒಂದು ಪತ್ರಕ್ಕೇ ಒಂದು ಮಧ್ಯಾಹ್ನ ಹೋಗುತ್ತದೆ.

ವ್ಯಕ್ತಿಗೊಂದು ಫೋಲ್ಡರ್ ಮಾಡಿ ವಿಂಗಡಿಸೋಣ ಎಂದು ಶುರುಮಾಡಿದ್ದೆ. ಅರ್ಧ ಗಂಟೆಯಲ್ಲೇ ಅದು ಮುರಿದುಬಿತ್ತು. ಒಂದು ಕಾಗದದಲ್ಲಿ ಏಳು ಜನರ ಹೆಸರಿದ್ದರೆ ಅದನ್ನು ಯಾರ ಫೋಲ್ಡರಿಗೆ ಹಾಕುವುದು? ಏಳು ಪ್ರತಿ ಮಾಡಿದರೆ ಕಾಗದ ಏಳರಷ್ಟಾಗುತ್ತದೆ, ಒಂದರಲ್ಲಿ ತಿದ್ದಿದ್ದು ಉಳಿದ ಆರರಲ್ಲಿ ತಿದ್ದದೆ ಉಳಿಯುತ್ತದೆ. ಆದ್ದರಿಂದ ಪ್ರತಿ ಕಾಗದಕ್ಕೂ ಕೈಗೆ ಬಂದ ಕ್ರಮದಲ್ಲೇ ಒಂದು ಮೂಲ ಸಂಖ್ಯೆ ಕೊಟ್ಟೆ: ಮೂ-1, ಮೂ-2, ಮೂ-3. ಸಂಜೆಯ ಹೊತ್ತಿಗೆ ಮೂ-143ಕ್ಕೆ ನಿಂತಿತು. ಆ ಸಂಖ್ಯೆಯಲ್ಲಿ ವರ್ಷ, ಊರು, ಹೆಸರು ಯಾವ ಅರ್ಥವನ್ನೂ ತುಂಬಿಲ್ಲ. ಅರ್ಥ ತುಂಬಿದ ಸಂಖ್ಯೆಯನ್ನು, ಆ ಅರ್ಥ ತಪ್ಪೆಂದು ತಿಳಿದ ದಿನ ಬದಲಿಸಬೇಕಾಗುತ್ತದೆ.

ಸಂಖ್ಯೆಯನ್ನು ಕಾಗದದ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದೆ. ಪ್ಲಾಸ್ಟಿಕ್ ಲೇಪನವಿರುವ ಇತ್ತೀಚಿನ ಫೋಟೊಗಳ ಬೆನ್ನಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಅವುಗಳ ಸಂಖ್ಯೆ ಹೊದಿಕೆಯ ಮೇಲೆ. ಗುಂಡುಸೂಜಿ, ಸ್ಟೇಪಲ್, ರಬ್ಬರ್ ಬ್ಯಾಂಡ್ ಎಲ್ಲ ತೆಗೆದೆ. ಉಕ್ಕು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ರಬ್ಬರ್ ಒಣಗಿ ಅಂಟಿಕೊಳ್ಳುತ್ತದೆ. ಹಳೆಯ ಸೆಲ್ಲೊಟೇಪ್ ಅಂಟಿದ್ದ ಎರಡು ಪತ್ರಗಳನ್ನು ಮಾತ್ರ ಮುಟ್ಟಲಿಲ್ಲ, ಕಿತ್ತರೆ ಅಕ್ಷರವೂ ಕಿತ್ತುಬರುತ್ತದೆ. ಹೊದಿಕೆಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಬಹುದು, ಪಿವಿಸಿ ಬೇಡ. ಕಾಲಕ್ರಮೇಣ ಅದು ಮೆತ್ತಗಾಗಿ ಶಾಯಿಯನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಲ್ಯಾಮಿನೇಶನ್ ಅಂತೂ ಮಾಡಲೇಬಾರದು. ಆ ಬಿಸಿ, ಆ ಅಂಟು ಎರಡನ್ನೂ ಮತ್ತೆ ಬಿಡಿಸಲಾಗದು.

ಎರಡು ಮತ್ತು ಮೂರನೆಯ ವಾರ: ನಕಲು ಹಾಳೆ

ವಂಶಾವಳಿ ಎಂದರೆ ಮೊದಲು ಎಲ್ಲರೂ ದೊಡ್ಡ ಹಾಳೆ ಹರಡಿ ಮರ ಬರೆಯಲು ಕೂರುತ್ತಾರೆ. ಆರು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ. ಈ ಸಲ ಮರವನ್ನು ಬದಿಗಿಟ್ಟು, ಪ್ರತಿ ದಾಖಲೆಗೂ ಒಂದು ನಕಲು ಹಾಳೆ ತುಂಬುವುದರಿಂದ ಶುರುಮಾಡಿದೆ. ಇಡೀ ಕಡತದಲ್ಲಿ ಅತಿ ಹೆಚ್ಚು ಬೇಸರದ ಕೆಲಸವೂ ಅತಿ ಹೆಚ್ಚು ಬೆಲೆಯುಳ್ಳ ಕೆಲಸವೂ ಇದೇ.

ಎ4 ಹಾಳೆಯನ್ನು ಉದ್ದಕ್ಕೆ ಒಂದು ಗೆರೆಯಿಂದ ಸೀಳಿದೆ. ಎಡದ ಮೂರನೇ ಎರಡು ಭಾಗಕ್ಕೆ ‘ದಾಖಲೆ ಹೇಳಿದ್ದು’ ಎಂಬ ತಲೆಬರಹ, ಬಲದ ಮೂರನೇ ಒಂದು ಭಾಗಕ್ಕೆ ‘ನನಗೆ ಅನ್ನಿಸಿದ್ದು’. ಎಡಭಾಗದಲ್ಲಿ ಹೆಸರನ್ನು ಕಾಗದದಲ್ಲಿ ಇದ್ದ ಕಾಗುಣಿತದಲ್ಲೇ ಬರೆಯಬೇಕು, ತಪ್ಪಿದ್ದರೆ ತಪ್ಪಾಗಿಯೇ. ದಿನಾಂಕ ಯಾವ ಪಂಚಾಂಗದಲ್ಲಿ ಇದೆಯೋ ಅದರಲ್ಲೇ ಇರಬೇಕು, ನಮ್ಮ ಕ್ಯಾಲೆಂಡರಿಗೆ ತಿರುಗಿಸಿದ್ದು ಬಲಭಾಗಕ್ಕೆ ಹೋಗುತ್ತದೆ. ವಯಸ್ಸು ಕೊಟ್ಟಿದ್ದರೆ ವಯಸ್ಸನ್ನೇ ಬರೆಯಬೇಕು, ಜನ್ಮವರ್ಷ ಬರೆಯಬಾರದು.

ಈ ಕೊನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 1911ರ ಮಾರ್ಚ್ 10ರಂದು ಬರೆದ ದಾಖಲೆಯಲ್ಲಿ ಒಬ್ಬರ ವಯಸ್ಸು 34 ಎಂದಿದೆ ಅನ್ನಿ. 1911ರಲ್ಲಿ 34 ಕಳೆದರೆ 1877, ಆದ್ದರಿಂದ ಹುಟ್ಟಿದ್ದು 1877 ಎಂದು ಬರೆದುಬಿಡುತ್ತೇವೆ. 34 ತುಂಬಿದೆ ಎಂಬ ಲೆಕ್ಕ ಹಿಡಿದರೆ ಆ ವ್ಯಕ್ತಿ 1876ರ ಮಾರ್ಚ್ 11ರಿಂದ 1877ರ ಮಾರ್ಚ್ 10ರೊಳಗೆ ಯಾವಾಗ ಬೇಕಾದರೂ ಹುಟ್ಟಿರಬಹುದು. ಅಂದರೆ 1876ರಲ್ಲಿ ಹುಟ್ಟಿರುವ ಸಾಧ್ಯತೆಯೇ ಹೆಚ್ಚು. ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಹೇಳುವವರಾದರೆ ಇನ್ನೊಂದು ವರ್ಷ ಈಚೆಗೆ ಬರುತ್ತದೆ. ಬಾಯಿಮಾತಿನ ವಯಸ್ಸುಗಳು ಮೂವತ್ತು, ಮೂವತ್ತೈದು, ನಲವತ್ತು ಎಂದು ಐದರ ಗುಂಪಿಗೆ ಜಾರುವುದೂ ಉಂಟು. ಇಷ್ಟು ಅನುಮಾನಗಳಿರುವ ಅಂಕಿಯನ್ನು ಜನ್ಮವರ್ಷ ಎಂದು ಬರೆದೆವೋ, ಅನುಮಾನವೆಲ್ಲ ಅಳಿಸಿಹೋಗಿ ಒಂದು ಖಚಿತ ಸಂಖ್ಯೆ ಮಾತ್ರ ಉಳಿಯುತ್ತದೆ. ಎಡಭಾಗದಲ್ಲಿ ವಯಸ್ಸು, ಬಲಭಾಗದಲ್ಲಿ ‘1876–77’ ಎಂಬ ಅಂತರ, ಹೀಗೆ ಬರೆದರೆ ಮುಂದೆ ಯಾರಾದರೂ ಲೆಕ್ಕವನ್ನು ಮತ್ತೆ ಮಾಡಬಹುದು.

ಹಾಳೆಯ ಕೆಳಗೆ ಮೂರು ಚೌಕಗಳನ್ನು ಸೇರಿಸಿದೆ. ಮೊದಲನೆಯದು ‘ಹೇಳಿದವರು ಯಾರು’. ಸಾವಿನ ದಾಖಲೆಯಲ್ಲಿ ಸತ್ತ ದಿನವನ್ನು ಕಂಡವರು ಹೇಳಿರುತ್ತಾರೆ, ಅದೇ ಕಾಗದದಲ್ಲಿರುವ ಹುಟ್ಟಿದ ದಿನವನ್ನು ಆ ಹುಟ್ಟಿನ ಹೊತ್ತಿಗೆ ತಾವೇ ಹುಟ್ಟಿರದ ಮಗನೋ ಅಳಿಯನೋ ಹೇಳಿರುತ್ತಾನೆ. ಒಂದೇ ಕಾಗದ, ಆದರೆ ಎರಡು ಮಾತಿನ ತೂಕ ಬೇರೆ ಬೇರೆ. ಎರಡನೆಯದು ‘ಕಂಡ ರೂಪ’: ಮೂಲವನ್ನೇ ನೋಡಿದೆನೋ, ಅದರ ಚಿತ್ರವನ್ನೋ, ಇನ್ಯಾರೋ ಕೈಯಿಂದ ಇಳಿಸಿಕೊಂಡ ನಕಲನ್ನೋ, ಬರೀ ಹೆಸರಿನ ಸೂಚಿಯನ್ನೋ. ಮೂರನೆಯದು ‘ಉಳಿದ ಹೆಸರುಗಳು’: ಸಾಕ್ಷಿಗಳು, ನೆರೆಹೊರೆಯವರು, ಜಾಮೀನು ನಿಂತವರು, ಬರೆದುಕೊಟ್ಟವರು, ಒಬ್ಬರನ್ನೂ ಬಿಡದೆ. ಈ ಚೌಕ ಎಷ್ಟು ದೊಡ್ಡ ಕೆಲಸ ಮಾಡೀತು ಎಂಬ ಅರಿವು ಅದನ್ನು ಗೆರೆ ಎಳೆದು ಮಾಡುವಾಗ ನನಗಿರಲಿಲ್ಲ.

ಬಾಯಿಮಾತಿಗೂ ಇದೇ ಹಾಳೆ. ಹಿರಿಯರ ಪ್ರತಿ ಸಂದರ್ಶನಕ್ಕೂ ಒಂದು ಮೂಲ ಸಂಖ್ಯೆ ಕೊಟ್ಟೆ. ಇಲ್ಲಿ ಸಂಬಂಧಸೂಚಕ ಪದಗಳನ್ನು ಅವರು ಹೇಳಿದಂತೆಯೇ ಬರೆಯಬೇಕು. ‘ಚಿಕ್ಕಪ್ಪ’ ಎಂದರೆ ತಂದೆಯ ತಮ್ಮನೂ ಆಗಬಹುದು, ತಾಯಿಯ ತಂಗಿಯ ಗಂಡನೂ ಆಗಬಹುದು, ತಂದೆಯ ದಾಯಾದಿ ತಮ್ಮನೂ ಆಗಬಹುದು. ‘ಅಜ್ಜಿ’ ಎಂದರೆ ತಂದೆಯ ಕಡೆಯೋ ತಾಯಿಯ ಕಡೆಯೋ ಆ ಪದದಲ್ಲಿ ಇಲ್ಲ. ಅವರು ಆಡಿದ ಪದ ಎಡಕ್ಕೆ, ನಾನು ಮಾಡಿಕೊಂಡ ಅರ್ಥ ಬಲಕ್ಕೆ.

143 ಮೂಲಗಳಲ್ಲಿ ಇಪ್ಪತ್ತರಷ್ಟು ಬರೀ ಫೋಟೊಗಳು, ಅವಕ್ಕೆ ಅರ್ಧ ಹಾಳೆ ಸಾಕಾಯಿತು. ಉಳಿದವಕ್ಕೆ ತಲಾ ಹತ್ತು ನಿಮಿಷದಿಂದ ಒಂದು ಗಂಟೆ. ಎರಡು ವಾರಾಂತ್ಯದಲ್ಲಿ ಮುಗಿಯದೆ ವಾರದ ಸಂಜೆಗಳನ್ನೂ ತೆಗೆದುಕೊಂಡಿತು.

ನಾಲ್ಕನೆಯ ವಾರ: ಪಟದ ಅಳತೆ

ಐದು ತಲೆಮಾರಿನ ಪಟವನ್ನು ಮೊದಲು ಎ4 ಅಡ್ಡ ಹಾಳೆಯಲ್ಲಿ ಎಳೆದೆ. ಅದು ಕೆಲಸಕ್ಕೆ ಬರಲಿಲ್ಲ. ಐದನೆಯ ತಲೆಮಾರಿಗೆ 16 ಮನೆಗಳು ಬೇಕು. ಎ4ನ 210 ಮಿಲಿಮೀಟರ್ ಎತ್ತರದಲ್ಲಿ ಅಂಚು ಬಿಟ್ಟು ಉಳಿಯುವ 185ನ್ನು 16ರಿಂದ ಭಾಗಿಸಿದರೆ ಒಂದು ಮನೆಗೆ ಹನ್ನೊಂದೂವರೆ ಮಿಲಿಮೀಟರ್. ಹೆಸರು, ಹುಟ್ಟು, ಸಾವು, ಮೂಲ ಸಂಖ್ಯೆ ಇಷ್ಟನ್ನು ಕೈಬರಹದಲ್ಲಿ ತುರುಕಿದರೆ ನನಗೇ ಓದಲಾಗಲಿಲ್ಲ.

ಎ3 ಅಡ್ಡ ಹಾಳೆ ಎಂದರೆ ಅಗಲ 420, ಎತ್ತರ 297. ಮೇಲೆ 15, ಕೆಳಗೆ 10 ಬಿಟ್ಟರೆ 272 ಉಳಿಯುತ್ತದೆ, 16ರಿಂದ ಭಾಗಿಸಿದರೆ ಸರಿಯಾಗಿ 17 ಮಿಲಿಮೀಟರ್. ಎತ್ತರ ಎ4 ಲಂಬ ಹಾಳೆಯಷ್ಟೇ ಆದ್ದರಿಂದ ಅದೇ ರಿಂಗ್ ಬೈಂಡರಿನಲ್ಲಿ ಕೂರುತ್ತದೆ. ಮಡಿಸುವುದರಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ನಡುವೆ ಒಂದೇ ಮಡಿಕೆ ಹಾಕಿದರೆ ಬಲಭಾಗ ಬಂದು ಎಡದ ರಂಧ್ರಗಳನ್ನು ಮುಚ್ಚುತ್ತದೆ, ಬೈಂಡರಿನಿಂದ ಹಾಳೆ ತೆಗೆಯದೆ ಬಿಡಿಸಲಾಗದು. 210ಕ್ಕೆ ಒಂದು, 315ಕ್ಕೆ ಹಿಮ್ಮುಖವಾಗಿ ಇನ್ನೊಂದು ಮಡಿಕೆ ಹಾಕಿದೆ. ಆಗ ಎಡ ಅಂಚು ತೆರೆದೇ ಇರುತ್ತದೆ, ಮೂಲೆ ಹಿಡಿದು ಎಳೆದರೆ ಪಟ ಪೂರ್ತಿ ತೆರೆದುಕೊಳ್ಳುತ್ತದೆ.

ಇನ್ನು ಕಾಲಂಗಳ ಅಗಲ. ಮೊದಲ ಪ್ರಯತ್ನದಲ್ಲಿ ಐದನ್ನೂ ಸಮವಾಗಿ 76 ಮಿಲಿಮೀಟರ್ ಇಟ್ಟಿದ್ದೆ, ಎರಡೂ ಮಡಿಕೆಗಳು ಹೆಸರುಗಳ ನಟ್ಟನಡುವೆ ಹಾದುಹೋದವು. ಮಡಿಕೆಯ ಮೇಲಿನ ಬರಹ ಮೊದಲು ಸವೆಯುವುದು. ಎರಡನೆಯ ಸಲ ಎಡದಲ್ಲಿ ರಂಧ್ರಕ್ಕೆ 30 ಬಿಟ್ಟು, ಆಮೇಲೆ 90, 90, 52, 53, 95 ಎಂದು ಎಳೆದೆ. ಈಗ ಮಡಿಕೆಗಳು ಕಾಲಂಗಳ ಗಡಿಯ ಮೇಲೇ ಬೀಳುತ್ತವೆ. ಮೂರು ಮತ್ತು ನಾಲ್ಕನೆಯ ತಲೆಮಾರಿಗೆ ಎತ್ತರ ಧಾರಾಳವಾಗಿರುವುದರಿಂದ ಅಗಲ ಕಡಿಮೆಯಾದರೂ ನಡೆಯುತ್ತದೆ, ಎತ್ತರ ಬರೀ 17 ಇರುವ ಐದನೆಯದಕ್ಕೇ ಅತಿ ಹೆಚ್ಚು ಅಗಲ ಸಿಕ್ಕಿತು. ಈ ಹಾಳೆಯನ್ನು ಎಳೆದು ಮುಗಿಸಿದ ಸಂಜೆ ನನಗಾದ ಸಂತೋಷ ದೊಡ್ಡದು.

ಮನೆಗಳಿಗೆ ಸಂಖ್ಯೆ ಕೊಡಲು ಹಳೆಯ ಕ್ರಮವೊಂದಿದೆ. ನಾನು 1. ಯಾರದೇ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ತಂದೆ 2, ತಾಯಿ 3, ತಂದೆಯ ತಂದೆ 4, ತಂದೆಯ ತಾಯಿ 5. ಒಂದನ್ನು ಬಿಟ್ಟರೆ ಸಮಸಂಖ್ಯೆಯೆಲ್ಲ ಗಂಡು, ಬೆಸಸಂಖ್ಯೆಯೆಲ್ಲ ಹೆಣ್ಣು. ಮೈಕೆಲ್ ಐಟ್ಸಿಂಗರ್ 1590ರಲ್ಲಿ ಇದನ್ನು ಅಚ್ಚಿನಲ್ಲಿ ತೋರಿಸಿದ, ಸ್ಪೇನಿನ ಹೆರೊನಿಮೊ ದೆ ಸೋಸಾ 1676ರಲ್ಲಿ ಬಳಸಿದ, 1898ರಲ್ಲಿ ಸ್ಟೆಫಾನ್ ಕೆಕುಲೆ ಫೊನ್ ಸ್ಟ್ರಾಡೊನಿಟ್ಸ್ ಇದನ್ನು ಜನಪ್ರಿಯಗೊಳಿಸಿದ. ಬೆನ್ಜೀನ್ ಅಣುವಿಗೆ ಉಂಗುರದ ರಚನೆಯನ್ನು ಸೂಚಿಸಿದ ರಸಾಯನಶಾಸ್ತ್ರಜ್ಞ ಕೆಕುಲೆಯ ಮಗ ಈತ. ಈ ಕ್ರಮದ ಸೊಗಸು ಏನೆಂದರೆ ಸಂಖ್ಯೆಯೇ ದಾರಿ ಹೇಳುತ್ತದೆ. 23 ಯಾರು? 23 ಎಂದರೆ 11ರ ತಾಯಿ, 11 ಎಂದರೆ 5ರ ತಾಯಿ, 5 ಎಂದರೆ 2ರ ತಾಯಿ. ತಂದೆಯ ತಾಯಿಯ ತಾಯಿಯ ತಾಯಿ. ಹುಡುಕಲು ಪಟವೇ ಬೇಡ.

ಒಬ್ಬರಿಗೇ ಎರಡು ಸಂಖ್ಯೆ ಬರುವ ಸಂದರ್ಭವೂ ನಮ್ಮಲ್ಲಿತ್ತು. 10 ಮತ್ತು 14 ಅಣ್ಣತಮ್ಮಂದಿರು, ಆದ್ದರಿಂದ 20 ಮತ್ತು 28 ಒಬ್ಬರೇ, 21 ಮತ್ತು 29 ಒಬ್ಬರೇ. ಚಿಕ್ಕ ಸಂಖ್ಯೆಯ ಮನೆಯಲ್ಲಿ ವಿವರ, ದೊಡ್ಡ ಸಂಖ್ಯೆಯ ಮನೆಯಲ್ಲಿ ‘20 ನೋಡಿ’. ಹೀಗಾಗಿ ನಮ್ಮ ಪಟದಲ್ಲಿ 31 ಮನೆಗಳಿದ್ದರೂ ಜನ 29.

ಪಟದಲ್ಲಿ ಏನೇ ಬರೆದರೂ ಪಕ್ಕದಲ್ಲಿ ಮೂಲ ಸಂಖ್ಯೆ ಇರಲೇಬೇಕು ಎಂಬ ಒಂದೇ ನಿಯಮ ಇಟ್ಟುಕೊಂಡೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಪ್ಪಿದರೆ ಶಾಯಿ, ಇಲ್ಲವಾದರೆ ಪೆನ್ಸಿಲ್. ಮೂಲವೇ ಇಲ್ಲದಿದ್ದರೆ ಖಾಲಿ. ಹಳೆಯ ಪಟದಲ್ಲಿ 31ರಲ್ಲಿ 27 ಮನೆ ತುಂಬಿದ್ದವು, ಹೊಸದರಲ್ಲಿ 19. ಆ ಎಂಟು ಮನೆಗಳು ಖಾಲಿಯಾದದ್ದು ಮೊದಲ ದಿನ ನೋವು ಕೊಟ್ಟಿತು.

ಐದನೆಯ ವಾರ: ಕುಟುಂಬ ಹಾಳೆ ಮತ್ತು ದಿನಚರಿ

ಪಟದಲ್ಲಿ ನೇರ ಪೂರ್ವಜರಿಗೆ ಮಾತ್ರ ಜಾಗ. ಒಡಹುಟ್ಟಿದವರು, ಎರಡನೆಯ ಮದುವೆ, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಇವರೆಲ್ಲ ಕುಟುಂಬ ಹಾಳೆಗೆ. ಒಂದು ದಂಪತಿಗೆ ಒಂದು ಹಾಳೆ, ಅದರ ಸಂಖ್ಯೆ ಇಬ್ಬರದೂ ಸೇರಿ: 4-5. ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ 4-5/1, 4-5/2. ಒಂದು ಮಗುವಿಗೂ ಮುಂದಿನದಕ್ಕೂ ನಡುವೆ ಆರು ವರ್ಷದ ಅಂತರ ಕಂಡರೆ ಅಲ್ಲೊಂದು ಖಾಲಿ ಸಾಲು ಬಿಡುತ್ತೇನೆ. ಅಲ್ಲಿ ಹುಡುಕಬೇಕಾದ ಮಗುವೊಂದು ಇರಬಹುದು. ನಮ್ಮ 10-11 ಹಾಳೆಯಲ್ಲಿ ಹಾಗೆ ಬಿಟ್ಟ ಸಾಲಿನಲ್ಲಿ ಈಗ ಒಂದು ಹೆಣ್ಣುಮಗುವಿನ ಹೆಸರಿದೆ. ಎರಡು ವರ್ಷ ಬದುಕಿದ್ದವಳು, ಮನೆಯಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ.

ಹುಡುಕಾಟದ ದಿನಚರಿ ಬಹಳ ಸರಳ: ತಾರೀಖು, ಏನನ್ನು ಹುಡುಕಿದೆ, ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಕಾಗುಣಿತದಲ್ಲಿ, ಏನು ಸಿಕ್ಕಿತು. ‘ಸಿಗಲಿಲ್ಲ’ ಎಂಬುದನ್ನೂ ಬರೆಯಬೇಕು. ಹಳೆಯ ನೋಟ್‌ಬುಕ್ಕುಗಳಿಂದ ಇದನ್ನು ಹಿಂದಕ್ಕೆ ತುಂಬಿಸುವಾಗ ಗೊತ್ತಾಯಿತು, ಒಂದೇ ನೋಂದಣಿ ಪುಸ್ತಕದ ಅದೇ ವರ್ಷಗಳನ್ನು ಮೂರು ಸಲ ನೋಡಿದ್ದೆ, ಮೂರು ಸಲವೂ ಒಂದೇ ಕಾಗುಣಿತದಲ್ಲಿ. ದೀರ್ಘಾಕ್ಷರವಿಲ್ಲದ ಇನ್ನೊಂದು ರೂಪದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಆರನೆಯ ವಾರ: ಒಬ್ಬರು ಇಬ್ಬರಾದದ್ದು

ಕುಟುಂಬ ಹಾಳೆ 8-9 ತುಂಬಲು ಕುಳಿತೆ. 8 ಎಂದರೆ ತಂದೆಯ ತಂದೆಯ ತಂದೆ, ನಮ್ಮ ಮುತ್ತಜ್ಜ. ಅವರ ಹೆಸರಿರುವ ನಕಲು ಹಾಳೆಗಳನ್ನೆಲ್ಲ ಕಾಲಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂ-31, 1911ರದು: ವಯಸ್ಸು 34, ಹೆಂಡತಿಯ ಹೆಸರು, ಮೂವರು ಮಕ್ಕಳು, ಅವರಲ್ಲಿ ಒಬ್ಬರು ನಮ್ಮ ಅಜ್ಜ. ಮೂ-58, 1919ರದು: ವಯಸ್ಸು 51, ತಂದೆತಾಯಿಯ ಹೆಸರು ಇದೆ, ಹೆಂಡತಿಯದಿಲ್ಲ. ಎಂಟು ವರ್ಷದಲ್ಲಿ ಮನುಷ್ಯನಿಗೆ ಹದಿನೇಳು ವರ್ಷ ವಯಸ್ಸಾಗಿತ್ತು.

ಹಳೆಯ ನೋಟ್‌ಬುಕ್ಕಿನಲ್ಲಿ ಈ ಎರಡೂ ದಾಖಲೆಗಳಿಂದ ನಾನು ಬರೆದುಕೊಂಡದ್ದು ‘ಜನನ ಸುಮಾರು 1870’ ಎಂದು. ಹೊಂದದ ಎರಡು ಅಂಕಿಗಳನ್ನು ‘ಸುಮಾರು’ ಎಂಬ ಪದ ನುಂಗಿಹಾಕಿತ್ತು. ಮೂರು ನಾಲ್ಕು ವರ್ಷದ ವ್ಯತ್ಯಾಸ ಎಲ್ಲ ದಾಖಲೆಗಳಲ್ಲೂ ಇರುತ್ತದೆ, ಒಂಬತ್ತು ವರ್ಷದ್ದನ್ನು ಹಾಗೆ ಬಿಡಲಾಗದು.

ಬರೆದವರ ತಪ್ಪೋ, ಬೇರೆಯೇ ಮನುಷ್ಯನೋ? ಉತ್ತರ ಮೂ-77ರಲ್ಲಿತ್ತು, 1923ರ ಒಂದು ಕರಾರು ಪತ್ರ. ಅದನ್ನು ಬರೆದುಕೊಟ್ಟವರು ನಮ್ಮ ಮುತ್ತಜ್ಜ. ‘ಉಳಿದ ಹೆಸರುಗಳು’ ಚೌಕಕ್ಕೆ ಸಾಕ್ಷಿಗಳನ್ನು ಇಳಿಸಿಕೊಂಡದ್ದು ಮೂರು ವಾರದ ಹಿಂದೆ. ಮೂವರು ಸಾಕ್ಷಿಗಳಲ್ಲಿ ಎರಡನೆಯವರ ಹೆಸರು ಬರೆದುಕೊಟ್ಟವರದೇ ಹೆಸರು, ಮುಂದೆ ‘ದೊಡ್ಡ’ ಎಂಬ ಒಂದು ಪದ ಹೆಚ್ಚು. ಅಂದು ಅದನ್ನು ಯಾಂತ್ರಿಕವಾಗಿ ನಕಲಿಸಿದ್ದೆ. ಒಂದೇ ದಿನ, ಒಂದೇ ಕಾಗದದ ಮೇಲೆ, ಒಂದೇ ಹೆಸರಿನ ಇಬ್ಬರು ರುಜು ಹಾಕಿದ್ದಾರೆ. ಪತ್ರ ತೆಗೆದು ಬೆಳಕಿಗೆ ಹಿಡಿದೆ. ಎರಡು ರುಜುಗಳು ಬೇರೆ ಬೇರೆ ಕೈಯವು. ಮೂ-58ರ ರುಜುವನ್ನು ಪಕ್ಕದಲ್ಲಿಟ್ಟೆ. ಕೊನೆಯ ಅಕ್ಷರದ ಬಾಲವನ್ನು ಎಡಕ್ಕೆ ಎಳೆದು ಕೆಳಗೆ ಗೆರೆ ಹಾಕುವ ರೀತಿ ‘ದೊಡ್ಡ’ವರದು.

ಅಂದರೆ ಮೂ-58ರ ತಂದೆತಾಯಿ ನಮ್ಮ ಮುತ್ತಜ್ಜನ ತಂದೆತಾಯಿಯಲ್ಲ. ಹೊಸ ಪಟದಲ್ಲೂ 16 ಮತ್ತು 17ರಲ್ಲಿ ಆ ಇಬ್ಬರ ಹೆಸರನ್ನೇ ಪೆನ್ಸಿಲಿನಲ್ಲಿ ಬರೆದಿದ್ದೆ. ಇಬ್ಬರನ್ನೂ ಅಳಿಸಿದೆ. ಅವರಿಂದ ಹಿಂದಕ್ಕೆ ಹೋಗಿ ಎರಡನೆಯ ಪಟದಲ್ಲಿ ಬರೆದಿದ್ದ 32ರಿಂದ 35ರವರೆಗಿನವರೂ ಹೋದರು. ಹದಿನೇಳರ ತವರಿನ ಕಡೆಗೆ ನಾನು ಸುಮಾರು ಒಂದೂವರೆ ವರ್ಷ ಕೊಟ್ಟಿದ್ದೆ. ಆ ಜನರ ಹೆಸರುಗಳು ಬಾಯಿಪಾಠವಾಗಿದ್ದವು. ಹಾಳೆಗಳನ್ನು ಎಸೆಯಲಿಲ್ಲ, ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಅವರು ಯಾರದೋ ಪೂರ್ವಜರಂತೂ ಹೌದು.

ತಪ್ಪು ಹುಟ್ಟಿದ್ದು ಎಲ್ಲಿ ಎಂದು ಹಿಂದಕ್ಕೆ ಹುಡುಕಿದೆ. ಸಂದರ್ಶನದ ಹಾಳೆ ಮೂ-4ರಲ್ಲಿ ಸಿಕ್ಕಿತು. ಮನೆಯ ಹಿರಿಯರೊಬ್ಬರು ಒಂದು ಕಡೆ ‘ನಿಮ್ಮ ಮುತ್ತಜ್ಜ ಬಲು ಎತ್ತರ’ ಎಂದಿದ್ದಾರೆ, ಇನ್ನೊಂದು ಕಡೆ ‘ಮುತ್ತಜ್ಜನಿಗೆ ಮಕ್ಕಳಿರಲಿಲ್ಲ’ ಎಂದಿದ್ದಾರೆ. ಮಕ್ಕಳಿಲ್ಲದ ಮುತ್ತಜ್ಜನಿಂದ ನಾವು ಹೇಗೆ ಬಂದೆವು ಎಂದು ಕೇಳಬೇಕಿತ್ತು, ಮಾತು ತಪ್ಪಿರಬೇಕು ಎಂದುಕೊಂಡು ಬಿಟ್ಟಿದ್ದೆ. ಅವರ ಮಾತು ತಪ್ಪಿರಲಿಲ್ಲ. ಮುತ್ತಜ್ಜನ ಅಣ್ಣನ ಸಾಲಿನಲ್ಲಿ ನಿಲ್ಲುವವರೂ ನಮ್ಮ ಭಾಷೆಯಲ್ಲಿ ಮುತ್ತಜ್ಜನೇ.

ಕೊನೆಯ ಎರಡು ವಾರ: ಯಂತ್ರಕ್ಕೆ ಏರಿಸಿದ್ದು

ಇದನ್ನು ಚುಟುಕಾಗಿ ಹೇಳುತ್ತೇನೆ. ದಾಖಲೆಗಳನ್ನು 300 ಡಿಪಿಐ, ಸಣ್ಣ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಕಾದಿಡಲು ಟಿಫ್, ಹಂಚಲು ಜೆಪೆಗ್. ಫೈಲಿನ ಹೆಸರು ಮೂಲ ಸಂಖ್ಯೆಯಿಂದ ಶುರುವಾಗಿ ಆಮೇಲೆ ವರ್ಷ-ತಿಂಗಳು-ದಿನ: 031_1911-03-10. ಸಂಖ್ಯೆಗೆ ಮೂರು ಅಂಕಿ ಇಡದಿದ್ದರೆ 100 ಎಂಬುದು 31ಕ್ಕಿಂತ ಮೊದಲು ಬಂದು ಕೂರುತ್ತದೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ.

ವಂಶಾವಳಿಯ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಜೆಡ್‌ಕಾಮ್ ಎಂಬ ಪಠ್ಯರೂಪ 1984ರಿಂದ ಇದೆ. ನಾನು ಬಳಸಿದ ತಂತ್ರಾಂಶ ಹೊರಹಾಕಿದ ಮೊದಲ ಫೈಲಿನಲ್ಲಿ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಅಕ್ಷರ ಸಂಕೇತವನ್ನು ಯುಟಿಎಫ್-8ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. 2021ರ ಏಳನೆಯ ಆವೃತ್ತಿಯಲ್ಲಿ ಯುಟಿಎಫ್-8 ಕಡ್ಡಾಯ, ಹಳೆಯ ಆವೃತ್ತಿಯಲ್ಲಿ ಉಳಿಸುವವರು ಒಮ್ಮೆ ಫೈಲು ತೆರೆದು ಹೆಸರುಗಳನ್ನು ಕಣ್ಣಾರೆ ನೋಡಬೇಕು. ಕಾಗದದ ಕಡತವನ್ನು ನಾನು ಬಿಡುವುದಿಲ್ಲ. ತಂತ್ರಾಂಶದಲ್ಲಿ ಮೂಲದ ಖಾನೆಯನ್ನು ಖಾಲಿ ಬಿಟ್ಟು ಮುಂದೆ ಹೋಗುವುದು ತೀರಾ ಸುಲಭ.

ಈಗ ಕಪಾಟಿನಲ್ಲಿ ಎರಡು ಬೈಂಡರುಗಳಿವೆ. ಒಂದರಲ್ಲಿ ಮೂಲಗಳು ಸಂಖ್ಯೆಯ ಕ್ರಮದಲ್ಲಿ, ಪ್ರತಿಯೊಂದರ ಬೆನ್ನಿಗೂ ಅದರ ನಕಲು ಹಾಳೆ. ಇನ್ನೊಂದರಲ್ಲಿ ಪಟಗಳು, ಕುಟುಂಬ ಹಾಳೆಗಳು, ದಿನಚರಿ. ಪಟದ 31 ಮನೆಗಳಲ್ಲಿ 17 ತುಂಬಿವೆ. ಇಬ್ಬರು ಮುತ್ತಜ್ಜಂದಿರೂ ದಾಯಾದಿಗಳು, ಒಬ್ಬನೇ ಅಜ್ಜನ ಹೆಸರನ್ನು ಇಬ್ಬರಿಗೂ ಇಟ್ಟಿರಬೇಕು ಎಂಬ ಅನುಮಾನ 8-9ರ ಹಾಳೆಯ ಬಲಭಾಗದಲ್ಲಿ ಪೆನ್ಸಿಲಿನಲ್ಲಿದೆ. ಅದು ನಿಜವಾದರೆ ಅಳಿಸಿದ 32 ಮತ್ತು 33 ಮತ್ತೆ ಅದೇ ಮನೆಗಳಿಗೆ ಬರುತ್ತಾರೆ. 1911ರಲ್ಲಿ ಹಿರಿಯ ಮಗುವಿಗೆ 9 ವರ್ಷ, ಆದ್ದರಿಂದ ಮದುವೆ 1902ಕ್ಕಿಂತ ಮೊದಲು ಆಗಿರಬೇಕು. ದಿನಚರಿಯಲ್ಲಿ ಮುಂದಿನ ಸಾಲು ಬರೆದಿಟ್ಟಿದ್ದೇನೆ: 8 ಮತ್ತು 9ರ ಮದುವೆ, 1892ರಿಂದ 1902, ಹೆಸರಿನ ಎರಡೂ ಕಾಗುಣಿತಗಳಲ್ಲಿ, ವರನ ತಂದೆಯ ಹೆಸರು ಬೇಕು. ಸೋಮವಾರ ರಜೆ ಹಾಕಿದ್ದೇನೆ.